ಇದು ಯಾವ ಎಂಜಿನ್, ಯಾವ ಊರು? ಹಳೆಯ ರೈಲು ಫೋಟೋಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ರೈಲು ಫೋಟೋ ಹಿಡಿದು ಬರುವವರಲ್ಲಿ ಎರಡು ಬಗೆ. ಕೆಲವರ ಕೈಯಲ್ಲಿ ಅಜ್ಜನ ಟ್ರಂಕಿನಲ್ಲಿ ಸಿಕ್ಕ ಒಂದೇ ಒಂದು ಫೋಟೋ ಇರುತ್ತದೆ, ಅಂಚು ಗೆದ್ದಲು ತಿಂದದ್ದು. ಇನ್ನು ಕೆಲವರು ಮೊಬೈಲಿಗೆ ಹರಿದು ಬಂದ ಚಿತ್ರ ತೋರಿಸಿ ‘ಇದು ನಮ್ಮೂರೇ ಹೌದಾ’ ಎನ್ನುತ್ತಾರೆ. ಇಬ್ಬರ ಬೆರಳೂ ಮೊದಲು ಹೋಗುವುದು ಎಂಜಿನ್ ಕಡೆಗೆ. ನನ್ನ ಕಣ್ಣು ಹೋಗುವುದು ಹಳಿಗೆ. ಏಕೆಂದು ಕೆಳಗೆ ಬರೆದಿದ್ದೇನೆ. ಮದುವೆ ಮನೆಗಳಲ್ಲಿ, ಕಾಗದಗಳಲ್ಲಿ, ರೈಲಿನಲ್ಲೇ ಪಕ್ಕದ ಸೀಟಿನವರು ಕೇಳಿದ ಪ್ರಶ್ನೆಗಳಿವು. ಹೆಚ್ಚಿನ ಉದಾಹರಣೆಗಳು ಕರ್ನಾಟಕದವು, ನಾನು ನೋಡಿದ ಫೋಟೋಗಳೂ ಹೆಚ್ಚಾಗಿ ಇಲ್ಲಿಯವೇ.

## ಮೊದಲ ನೋಟ

“ಎಂಜಿನ್ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?”

ಹಳಿಯಿಂದ. ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜ್ ಗೊತ್ತಾದರೆ ಅರ್ಧ ನಕಾಶೆಯನ್ನೇ ಪಕ್ಕಕ್ಕಿಡಬಹುದು. ನಮ್ಮ ದೇಶದಲ್ಲಿ ಮುಖ್ಯವಾಗಿದ್ದವು ನಾಲ್ಕು: ಬ್ರಾಡ್ ಗೇಜ್ 1,676 ಮಿ.ಮೀ., ಮೀಟರ್ ಗೇಜ್ 1,000 ಮಿ.ಮೀ., ನ್ಯಾರೋ ಗೇಜ್‌ನಲ್ಲಿ 762 ಮತ್ತು 610 ಮಿ.ಮೀ. ಬ್ರಾಡ್ ಗೇಜ್ ಎಂದರೆ ಐದೂವರೆ ಅಡಿ, ಸಾಧಾರಣ ಎತ್ತರದ ಮನುಷ್ಯನ ಉದ್ದ. ಮೀಟರ್ ಗೇಜ್ ಅದೇ ಮನುಷ್ಯನ ಸೊಂಟದೆತ್ತರ. ಫೋಟೋದಲ್ಲಿ ಹಳಿಯ ಪಕ್ಕ ಯಾರಾದರೂ ನಿಂತಿದ್ದರೆ ಈ ಅಳತೆ ಸಾಕು.

“ಹಳಿಯೇ ಕಾಣುವುದಿಲ್ಲ, ಜನ ಅಡ್ಡ ನಿಂತಿದ್ದಾರೆ. ಆಗ?”

ಎಂಜಿನ್ನಿನ ಮುಂಭಾಗದ ತೊಲೆ ನೋಡಿ. ಬ್ರಾಡ್ ಗೇಜ್ ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ದುಂಡನೆಯ ಬಫರ್ (ಗಾಡಿಗಳು ಒಂದಕ್ಕೊಂದು ತಾಗಿದಾಗ ಧಕ್ಕೆ ತಾಳುವ ಉಕ್ಕಿನ ಮೂತಿ), ನಡುವೆ ಕೊಂಡಿ. ಮೀಟರ್ ಗೇಜ್‌ನಲ್ಲಿ ಬಫರ್ ಒಂದೇ, ನಟ್ಟನಡುವೆ, ಕೊಂಡಿಯೂ ಅದರಲ್ಲೇ. ಜನಜಂಗುಳಿಯ ಫೋಟೋದಲ್ಲೂ ಇದು ಹೇಗೋ ಇಣುಕಿರುತ್ತದೆ, ಹಾರ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬೋಗಿ ಮಾತ್ರ ಕಂಡರೆ ಅದರ ಅಗಲವನ್ನು ಹಳಿಯ ಅಂತರಕ್ಕೆ ಹೋಲಿಸಿ. ಮೀಟರ್ ಗೇಜ್ ಬೋಗಿ ಹಳಿಯ ಅಂತರದ ಎರಡೂವರೆ ಪಟ್ಟಿಗಿಂತ ಹೆಚ್ಚು ಅಗಲ, ಚಿಕ್ಕ ಮಣೆಯ ಮೇಲೆ ದೊಡ್ಡ ಪಾತ್ರೆ ಇಟ್ಟ ಹಾಗೆ. ಬ್ರಾಡ್ ಗೇಜ್‌ನಲ್ಲಿ ಎರಡು ಪಟ್ಟಿನ ಆಸುಪಾಸು.

“ಗೇಜ್ ಗೊತ್ತಾದರೆ ಊರು ಹೇಗೆ ಗೊತ್ತಾಗುತ್ತದೆ?”

ಊರು ಗೊತ್ತಾಗುವುದಿಲ್ಲ, ಯಾವ ಊರು *ಅಲ್ಲ* ಎಂಬುದು ಗೊತ್ತಾಗುತ್ತದೆ. ಈ ಕೆಲಸವೆಲ್ಲ ಬಹುಪಾಲು ಹೊಡೆದು ಹಾಕುತ್ತಾ ಹೋಗುವುದೇ.

1970ರವರೆಗಿನ ಕರ್ನಾಟಕವನ್ನು ತೆಗೆದುಕೊಳ್ಳಿ. ಬ್ರಾಡ್ ಗೇಜ್ ಇದ್ದದ್ದು ಅಂಚುಗಳಲ್ಲಿ. ಜೋಲಾರಪೇಟೆಯಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಬರುವ ಹಾದಿ, ಅದರಿಂದ ಕೋಲಾರ ಚಿನ್ನದ ಗಣಿಗೆ ಒಡೆಯುವ ಕವಲು. ಉತ್ತರದಲ್ಲಿ ರಾಯಚೂರು, ವಾಡಿ, ಕಲಬುರಗಿ. ನಿಜಾಮರ ರೈಲ್ವೆಯ ಬೀದರ್. ಪಶ್ಚಿಮದ ಮೂಲೆಯಲ್ಲಿ ಮಂಗಳೂರು. ಅದಕ್ಕೆ 1907ರಲ್ಲಿ ರೈಲು ಬಂದದ್ದು ಕೇರಳದ ಕಡೆಯಿಂದ. ನಡುವಿನ ನಾಡೆಲ್ಲ ಮೀಟರ್ ಗೇಜ್: ಮೈಸೂರು, ಹಾಸನ, ಅರಸೀಕೆರೆ, ಬೀರೂರು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ, ಗದಗ, ಬಿಜಾಪುರ, ಹೊಸಪೇಟೆ, ಬಳ್ಳಾರಿ, ಲೋಂಡಾ, ಬೆಳಗಾವಿ. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕದ ಸುತ್ತು 762 ಮಿ.ಮೀ.ನ ಚಿಕ್ಕ ರೈಲು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡಡಿಯ ಟ್ರಾಮ್.

ಹಾಗಾಗಿ ‘ನಮ್ಮ ತಾತ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ’ ಎಂಬ 1950ರ ಫೋಟೋದಲ್ಲಿ ಎರಡು ಬಫರ್ ಕಂಡರೆ, ಅಲ್ಲಿರುವುದು ತಾತನೇ ಇರಬಹುದು, ಹುಬ್ಬಳ್ಳಿ ಅಲ್ಲ. ಕೊಡಗಿನಲ್ಲಂತೂ ರೈಲೇ ಇಲ್ಲ. ಆದರೂ ವರ್ಷಕ್ಕೆ ಒಬ್ಬರಾದರೂ ‘ಮಡಿಕೇರಿ ಸ್ಟೇಷನ್’ ತರುತ್ತಾರೆ.

“ಫೋಟೋ ಸ್ಕ್ಯಾನ್ ಮಾಡುವಾಗ ಏನು ಎಚ್ಚರ ವಹಿಸಬೇಕು?”

ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಮೊಹರು, ಪೆನ್ಸಿಲಿನ ಗೀಚು, ಅಂಚೆ ಕಾರ್ಡಾದರೆ ಮುದ್ರೆ, ಎಲ್ಲ ಅಲ್ಲೇ ಇರುವುದು. ಸಾಧಾರಣ ಅಳತೆಯದಕ್ಕೆ 600 ಡಿಪಿಐ, ಬೆಂಕಿಪೊಟ್ಟಣದಷ್ಟು ಚಿಕ್ಕದಕ್ಕೆ 1,200. ಅಂಚು ಕತ್ತರಿಸಬೇಡಿ, ನೇರ ಮಾಡಲು ಹೋಗಬೇಡಿ. ಲ್ಯಾಮಿನೇಟ್ ಮಾತ್ರ ಮಾಡಿಸಲೇಬೇಡಿ, ಅದನ್ನು ಬಿಡಿಸಲಾಗುವುದಿಲ್ಲ.

## ಎಂಜಿನ್

“4-6-2, 2-8-2 ಅಂತೆಲ್ಲ ಹೇಳ್ತಾರಲ್ಲ, ಅದು ಏನು ಲೆಕ್ಕ?”

ಚಕ್ರದ ಲೆಕ್ಕ. ಮುಂದಿನ ಚಿಕ್ಕ ಚಕ್ರಗಳು, ನಡುವಿನ ದೊಡ್ಡ ಚಕ್ರಗಳು, ಹಿಂದಿನ ಚಿಕ್ಕ ಚಕ್ರಗಳು, ಇದೇ ಕ್ರಮ. ಫೋಟೋದಲ್ಲಿ ಒಂದೇ ಪಕ್ಕ ಕಾಣುವುದರಿಂದ ಎಣಿಸಿದ್ದನ್ನು ಎರಡರಿಂದ ಗುಣಿಸಬೇಕು. ಎಳೆಯುವ ದೊಡ್ಡ ಚಕ್ರಗಳನ್ನು ಉದ್ದನೆಯ ಉಕ್ಕಿನ ಸಲಾಕೆ ಒಂದಕ್ಕೊಂದು ಕಟ್ಟಿರುತ್ತದೆ. ಸಲಾಕೆಗೆ ಸಿಗದ ಚಕ್ರ ಭಾರ ಹೊರಲು ಮಾತ್ರ. ಟೆಂಡರಿನ, ಅಂದರೆ ಕಲ್ಲಿದ್ದಲು ನೀರು ತುಂಬಿದ ಹಿಂದಿನ ಗಾಡಿಯ ಚಕ್ರಗಳನ್ನು ಸೇರಿಸಬಾರದು. ಹೊಸಬರು ತಪ್ಪುವುದು ಇಲ್ಲೇ.

ಟೆಂಡರ್ ಇಲ್ಲದೆ ಬಾಯ್ಲರಿನ ಅಕ್ಕಪಕ್ಕದಲ್ಲೇ ನೀರಿನ ತೊಟ್ಟಿ ಹೊತ್ತದ್ದು ಟ್ಯಾಂಕ್ ಎಂಜಿನ್. ಯಾರ್ಡಿನಲ್ಲಿ ಶಂಟಿಂಗಿಗೆ (ಬೋಗಿ ಜೋಡಿಸಿ ಬಿಡಿಸುವ ಕೆಲಸಕ್ಕೆ), ಗಿಡ್ಡ ಹಾದಿಗಳಿಗೆ ಅದು.

“ವೈಪಿ, ವೈಜಿ, ಡಬ್ಲ್ಯೂಪಿ ಇವುಗಳಲ್ಲಿ ಏನು ವ್ಯತ್ಯಾಸ? ನನಗೆ ಎಲ್ಲ ಒಂದೇ ಥರ ಕಾಣುತ್ತವೆ.”

ಮೊದಲ ಅಕ್ಷರ ಗೇಜ್: ಡಬ್ಲ್ಯೂ ಬ್ರಾಡ್, ವೈ ಮೀಟರ್, ಝಡ್ ನ್ಯಾರೋ. ಎರಡನೆಯದು ಕೆಲಸ: ಪಿ ಪ್ಯಾಸೆಂಜರಿಗೆ, ಜಿ ಗೂಡ್ಸಿಗೆ. ಎಕ್ಸ್ ಅಕ್ಷರದಿಂದ ಶುರುವಾದರೆ ಎರಡನೇ ಮಹಾಯುದ್ಧಕ್ಕೆ ಮೊದಲು ಗೊತ್ತುಪಡಿಸಿದ ಬ್ರಾಡ್ ಗೇಜ್ ಮಾದರಿ.

ಡಬ್ಲ್ಯೂಪಿಯನ್ನು ಮಕ್ಕಳೂ ಗುರುತಿಸುತ್ತಾರೆ. ಮೂತಿ ಗುಂಡಿನಂತೆ ಉಬ್ಬಿ, ಬಹಳಷ್ಟು ಸಲ ಅದರ ಮೇಲೆ ನಕ್ಷತ್ರ ಬರೆದಿರುತ್ತಾರೆ. ಮೊದಲ ಹದಿನಾರು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ 1947ರಲ್ಲಿ ಬಂದವು. ಆದ್ದರಿಂದ ‘1930ರ ಫೋಟೋ’ ಎಂದವರ ಚಿತ್ರದಲ್ಲಿ ಈ ಮೂತಿ ಇದ್ದರೆ ಮಾತು ಅಲ್ಲಿಗೆ ಮುಗಿಯಿತು.

ಕಷ್ಟವಿರುವುದು ವೈಪಿ ಮತ್ತು ವೈಜಿ ನಡುವೆ. ನಮ್ಮ ಮೀಟರ್ ಗೇಜ್ ಹಾದಿಗಳಲ್ಲಿ 1950ರ ನಂತರ ತೆಗೆದ ಫೋಟೋ ಆದರೆ ಹೆಚ್ಚಾಗಿ ಇವೆರಡರಲ್ಲಿ ಒಂದು. ಬಾಯ್ಲರ್, ಕ್ಯಾಬ್ (ಡ್ರೈವರ್ ನಿಲ್ಲುವ ಗೂಡು), ಟೆಂಡರ್ ನೋಡಿದರೆ ಅಣ್ಣತಮ್ಮಂದಿರು. ಚಕ್ರ ಎಣಿಸಿ. ವೈಪಿ 4-6-2, ಒಂದು ಪಕ್ಕಕ್ಕೆ ಮೂರು ದೊಡ್ಡ ಚಕ್ರ, ನಾಲ್ಕೂವರೆ ಅಡಿ ವ್ಯಾಸ. ವೈಜಿ 2-8-2, ನಾಲ್ಕು ಚಕ್ರ, ನಾಲ್ಕಡಿ ವ್ಯಾಸ. ವೈಪಿಯ ಚಕ್ರಗಳ ಮುಂದೆ ಚಿಕ್ಕ ಚಕ್ರ ಎರಡು, ವೈಜಿಗೆ ಒಂದೇ. ವೈಪಿ 871 ತಯಾರಾದವು, ವೈಜಿ ಸಾವಿರಕ್ಕೂ ಹೆಚ್ಚು. ಎರಡೂ ಮಾದರಿ 1949ರಿಂದ ಬರತೊಡಗಿ 1970ರ ದಶಕದ ಆರಂಭದವರೆಗೆ ತಯಾರಾದವು. ಗ್ಲಾಸ್ಗೊ, ಜರ್ಮನಿ, ನಮ್ಮ ಜಮ್‌ಶೇಡ್‌ಪುರ ಹೀಗೆ ಹಲವು ಕಡೆ ಕಟ್ಟಿದ್ದು. ಇವುಗಳ ಜೊತೆಗೆ ವೈಎಲ್ ಎಂಬ ಹಗುರ ಎಂಜಿನ್ (2-6-2) ಕಂಡರೆ ಕವಲು ಹಾದಿಯೇನೋ ಎಂದು ಅನುಮಾನಿಸಿ. ಹೆಚ್ಚು ಭಾರ ತಾಳದ ಹಾದಿಗಳಿಗೆಂದೇ ಅದನ್ನು ಕಟ್ಟಿದ್ದು.

“ನಂಬರ್ ಪ್ಲೇಟ್ ಕಾಣುತ್ತದೆ. ಅದನ್ನು ಓದಿದರೆ ಎಲ್ಲ ಗೊತ್ತಾಗುತ್ತದಾ?”

ಯಾವ ಪ್ಲೇಟ್ ಎಂಬುದರ ಮೇಲಿದೆ. ಕ್ಯಾಬಿನ ಪಕ್ಕದಲ್ಲಿರುವುದು ರೈಲ್ವೆ ಕೊಟ್ಟ ನಂಬರು. 1957ರಲ್ಲಿ ದೇಶಕ್ಕೆಲ್ಲ ಒಂದೇ ಎಣಿಕೆ ಬಂತು. ವೈಪಿಗಳು 2000ದಿಂದ, ವೈಜಿಗಳು 3000 ಮತ್ತು 4000ದ ಸಾಲಿನಲ್ಲಿ, ವೈಎಲ್ 5000ದ ಸಾಲಿನಲ್ಲಿ. ಅದಕ್ಕೆ ಮೊದಲು ಒಂದೊಂದು ಕಂಪನಿಗೆ ಒಂದೊಂದು ಎಣಿಕೆ ಇತ್ತು. ಬರೀ ‘112’ ಎಂದು ಓದಿ ತೀರ್ಮಾನಿಸಲಾಗದು, ಅಂಥ 112 ಹಲವು ಕಂಪನಿಗಳಲ್ಲಿದ್ದವು.

ಇನ್ನೊಂದು ಚಿಕ್ಕ ಹಿತ್ತಾಳೆ ಪ್ಲೇಟ್ ತಯಾರಕರದ್ದು. ಅದರಲ್ಲಿ ಕಾರ್ಖಾನೆಯ ಹೆಸರು, ಕಾರ್ಖಾನೆಯ ಕ್ರಮಸಂಖ್ಯೆ, ವರ್ಷ ಇರುತ್ತವೆ. ಅಕ್ಷರ ಕಾಣದಿದ್ದರೂ ಆಕಾರ ಏನೋ ಹೇಳುತ್ತದೆ. ವಜ್ರಾಕಾರವಾದರೆ ಗ್ಲಾಸ್ಗೊದ ಡಬ್ಸ್ ಕಾರ್ಖಾನೆಯನ್ನು ನೆನೆಯಿರಿ. 1903ರಲ್ಲಿ ಡಬ್ಸ್, ನೀಲ್ಸನ್ ರೀಡ್, ಶಾರ್ಪ್ ಸ್ಟೂವರ್ಟ್ ಮೂರೂ ಕೂಡಿ ನಾರ್ತ್ ಬ್ರಿಟಿಷ್ ಕಂಪನಿ ಆಯಿತು. ಆಮೇಲೂ ಆ ಹಳೆಯ ಡಬ್ಸ್ ಕಾರ್ಖಾನೆಯಿಂದ ಹೊರಟ ಎಂಜಿನ್ನಿಗೆ ವಜ್ರದ ಪ್ಲೇಟೇ. ಒಂದು ಮಾತು ನೆನಪಿರಲಿ: ಪ್ಲೇಟಿನ ವರ್ಷ ಎಂಜಿನ್ ಹುಟ್ಟಿದ ವರ್ಷ, ಫೋಟೋ ತೆಗೆದದ್ದಲ್ಲ. 1910ರ ಎಂಜಿನ್ 1960ರಲ್ಲಿ ಫೋಟೋಗೆ ನಿಂತದ್ದು ಸರ್ವೇಸಾಮಾನ್ಯ.

“ಟೆಂಡರ್ ಮೇಲೆ ಎಂ ಅಂಡ್ ಎಸ್‌ಎಂ ಅಂತ ಇದೆ. ಮೈಸೂರು ರೈಲ್ವೆಯಾ?”

ಅಲ್ಲ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಧಾರವಾಡದಿಂದ ಆಡಳಿತ ನಡೆಸುತ್ತಿದ್ದ ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಈ ಹೆಸರಾಯಿತು. ಬರೀ ‘ಎಸ್‌ಎಂಆರ್’ ಇದ್ದರೆ ಅದಕ್ಕಿಂತ ಹಿಂದಿನದು. ಮೈಸೂರು ಸಂಸ್ಥಾನದ ಹಾದಿಗಳನ್ನೂ ಬಹುಕಾಲ ಈ ಕಂಪನಿಯೇ ನಡೆಸಿತು, 1919ರಲ್ಲಿ ಸಂಸ್ಥಾನ ತನ್ನದೇ ಆಡಳಿತ ಶುರುಮಾಡಿತು. ಆದ್ದರಿಂದ ಸಂಸ್ಥಾನದ ಊರಿನಲ್ಲಿ ಕಂಪನಿಯ ಅಕ್ಷರ ಕಂಡರೆ ಬೆರಗಾಗಬೇಕಿಲ್ಲ.

1951ರ ಏಪ್ರಿಲ್ 14ರಂದು ಎಂ ಅಂಡ್ ಎಸ್‌ಎಂ, ಸೌತ್ ಇಂಡಿಯನ್, ಮೈಸೂರು ಸ್ಟೇಟ್ ಮೂರೂ ಸೇರಿ ದಕ್ಷಿಣ ರೈಲ್ವೆ ಆಯಿತು. ಹುಬ್ಬಳ್ಳಿ ಸೀಮೆ 1966ರಲ್ಲಿ ಹುಟ್ಟಿದ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ, ಆ ಹೊತ್ತಿಗೆ ಉಗಿ ಎಂಜಿನ್ ಮ್ಯೂಸಿಯಂ ಸೇರಿತ್ತು. ಹಾಗಾಗಿ ಎಂಜಿನ್ನಿನ ಮೇಲಿನ ಎರಡಕ್ಷರ ಕೆಲವೊಮ್ಮೆ ಹದಿನೈದು ವರ್ಷದ ಕಿಟಕಿಯೊಳಗೆ ಫೋಟೋವನ್ನು ತಂದು ನಿಲ್ಲಿಸುತ್ತದೆ. ಹೊಸ ಬಣ್ಣ ಬಳಿಯುವವರೆಗೆ ಹಳೆಯ ಅಕ್ಷರ ಉಳಿದಿರುತ್ತಿತ್ತು ಎಂಬ ರಿಯಾಯಿತಿ ಕೊಟ್ಟೇ ಲೆಕ್ಕ ಹಾಕಿ.

“ನಡುವೆ ಹಲ್ಲಿನ ಹಳಿ ಇದೆ. ಇದು ನಮ್ಮ ಪಶ್ಚಿಮ ಘಟ್ಟದ ಯಾವ ಹಾದಿ?”

ನೀಲಗಿರಿ, ಮೇಟ್ಟುಪಾಳಯಂನಿಂದ ಊಟಿಗೆ. ಮೀಟರ್ ಗೇಜ್, ಕೂನೂರಿನವರೆಗೆ 1899, ಊಟಿಗೆ 1908. ಕರ್ನಾಟಕದ ಘಟ್ಟಗಳಲ್ಲಿ ಹಲ್ಲಿನ ಹಳಿ ಇರಲಿಲ್ಲ. ಬಾಯ್ಲರಿನ ಬೆನ್ನಿನ ಮೇಲೆ ತೊಟ್ಟಿ ಹೊತ್ತ ಪುಟ್ಟ ಎಂಜಿನ್, ಮುಂದೆ ಮರಳು ಚೆಲ್ಲಲು ಕೂತ ಮನುಷ್ಯ, ಇವು ಕಂಡರೆ ಡಾರ್ಜಿಲಿಂಗ್.

## ಊರು

“ಬೋರ್ಡಿನ ಮೇಲೆ ‘ಫ್ರೆಂಚ್ ರಾಕ್ಸ್’ ಅಂತ ಇದೆ. ಇದು ಪಾಂಡಿಚೇರಿಯಾ?”

ನಮ್ಮ ಪಾಂಡವಪುರ! ಹೈದರ್–ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಇಂಗ್ಲಿಷರು ಕೊಟ್ಟ ಹೆಸರು. ಹೀಗೆ ಮೋಸ ಮಾಡುವ ಬೋರ್ಡು ಇನ್ನೂ ಇವೆ. ಕ್ಲೋಸ್‌ಪೇಟೆ ಎಂದರೆ ರಾಮನಗರ, ಬೌರಿಂಗ್‌ಪೇಟೆ ಎಂದರೆ ಬಂಗಾರಪೇಟೆ, ಸೆರಿಂಗಪಟಂ ಎಂದರೆ ಶ್ರೀರಂಗಪಟ್ಟಣ. ಧಾರವಾಡಕ್ಕೆ ಇಂಗ್ಲಿಷಿನಲ್ಲಿ ಕೊನೆಗೆ ‘ಆರ್’ ಹಾಕಿ ‘ಧಾರ್ವಾರ್’ ಎನ್ನುತ್ತಿದ್ದರು.

ಬೋರ್ಡು ಕಂಡರೆ ಊರಿನ ಹೆಸರಿನಾಚೆಗೂ ಓದಿ. ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ. ಅಡಿಯಲ್ಲಿದ್ದರೆ ಮೆಟ್ರಿಕ್ ಅಳತೆಗೆ ಹಿಂದಿನದು, ಅಂದರೆ ಹೆಚ್ಚೂಕಡಿಮೆ 1960ರ ಮೊದಲು. ಹೆಸರು ಅರ್ಧ ಹರಿದುಹೋಗಿ ಎತ್ತರ ಮಾತ್ರ ಉಳಿದ ಫೋಟೋ ಒಂದು ಬಂದಿತ್ತು. ಮೂರು ಸಾವಿರ ಅಡಿಯ ಹತ್ತಿರ ಇತ್ತು, ಮೀಟರ್ ಗೇಜ್, ಹಿಂದೆ ಬಯಲು. ಮಲೆನಾಡು ಎಂದು ಸಾಧಿಸುತ್ತಿದ್ದವರನ್ನು ಬೆಂಗಳೂರಿನ ಸುತ್ತಮುತ್ತಲಿಗೆ ಎಳೆದು ತರಲು ಅಷ್ಟು ಸಾಕಾಯಿತು.

ಒಂದು ಅಪವಾದ. 1980ರ ದಶಕದಲ್ಲಿ ಟಿವಿ ಧಾರಾವಾಹಿಯ ಚಿತ್ರೀಕರಣಕ್ಕೆ ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳು ‘ಮಾಲ್ಗುಡಿ’ಯಾಗಿತ್ತು. ಆ ಊರನ್ನು ಯಾವ ನಕಾಶೆಯಲ್ಲೂ ಹುಡುಕಬೇಡಿ.

“ಬೋರ್ಡೇ ಇಲ್ಲ. ಬರೀ ಗುಡ್ಡ ಕಾಣುತ್ತದೆ.”

ಗುಡ್ಡ ಒಳ್ಳೆಯ ಸಾಕ್ಷಿ, ಎಂಜಿನ್ನಿನಂತೆ ಊರೂರು ತಿರುಗುವುದಿಲ್ಲ. ರಾಮನಗರದ ಬೋಳು ಬಂಡೆಗಳು, ಚಿಕ್ಕಬಳ್ಳಾಪುರ ಹಾದಿಯ ನಂದಿಬೆಟ್ಟ, ಮೈಸೂರಿನ ಹಿಂದೆ ಚಾಮುಂಡಿ, ಬಿಜಾಪುರದ ಸ್ಟೇಷನ್ ಹತ್ತಿರ ಗುಡ್ಡದ ಬದಲು ಗೋಳಗುಮ್ಮಟ. ರೈಲಿನ ಹಿಂದೆ ಹಾಲಿನಂತೆ ಸುರಿಯುವ ಜಲಪಾತವಿದ್ದರೆ ಕ್ಯಾಸಲ್‌ರಾಕ್ ಇಳಿದು ಗೋವಾ ಕಡೆಗೆ ಹೋಗುವ ಹಾದಿಯ ದೂಧ್‌ಸಾಗರ. ಜೋಗದ ಮುಂದೆ ರೈಲು ಹಾದದ್ದಿಲ್ಲ, ರೈಲು ತಾಳಗುಪ್ಪದಲ್ಲೇ ನಿಲ್ಲುತ್ತದೆ.

ಆದರೆ ನನ್ನದೇ ಒಂದು ಎಡವಟ್ಟು ಹೇಳಬೇಕು. ಬಂಡೆಗುಡ್ಡದ ಕೆಳಗೆ ರೈಲು ನಿಂತ ಫೋಟೋ ಒಂದನ್ನು ಕಂಡ ಕ್ಷಣವೇ ‘ರಾಮನಗರ’ ಎಂದೆ, ಹಿಂದೆ ಬರೆದೂ ಕೊಟ್ಟೆ. ಎರಡು ವರ್ಷದ ಮೇಲೆ ಅದೇ ಫೋಟೋದ ಕತ್ತರಿಸದ ಪ್ರತಿ ಸಿಕ್ಕಿತು. ಅಂಚಿನಲ್ಲಿ ಇನ್ನೊಂದು ಎಂಜಿನ್, ಅದಕ್ಕೆ ಸಾಕ್ಷಾತ್ ಎರಡು ಬಫರ್. ಮೀಟರ್ ಗೇಜ್ ರಾಮನಗರದಲ್ಲಿ ಅದು ಹೇಗೆ ನಿಲ್ಲುತ್ತದೆ? ಕೋಟೆಗೋಡೆಯ ತುಣುಕೊಂದು ಗುಡ್ಡದ ಮೇಲೆ ಕಂಡಾಗ ರಾಯಚೂರು ಎಂದು ಗೊತ್ತಾಯಿತು. ಹಳಿ ನೋಡಿ ಎಂದು ಊರಿಗೆಲ್ಲ ಹೇಳುವವನು ಗುಡ್ಡ ನೋಡಿ ಬಿದ್ದಿದ್ದೆ.

“ಕಲ್ಲಿನ ಹಳೇ ಸೇತುವೆ ಮೇಲೆ ರೈಲೂ ಎತ್ತಿನಗಾಡಿಯೂ ಒಟ್ಟಿಗೆ ಇವೆ. ಇದು ಸಾಧ್ಯವೇ?”

ಸಾಧ್ಯ. ನಂಜನಗೂಡಿನ ಕಪಿಲಾ ಸೇತುವೆ ನೋಡಿ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದೆಂದು ಪ್ರಸಿದ್ಧವಾದದ್ದು, ಭಾರತಕ್ಕೆ ರೈಲು ಬರುವುದಕ್ಕಿಂತ ನೂರು ವರ್ಷ ಹಿರಿಯದು. ಆಮೇಲೆ ಅದರ ಮೇಲೆಯೇ ಮೀಟರ್ ಗೇಜ್ ಹಳಿ ಹಾಸಿದರು. ಕಂಬಗಳು ಒತ್ತೊತ್ತಾಗಿ, ಗಿಡ್ಡವಾಗಿ, ದೇವಸ್ಥಾನದ ಮಂಟಪದ ಸಾಲಿನಂತೆ ಕಾಣುತ್ತವೆ. ಉದ್ದ ಉಕ್ಕಿನ ತೊಲೆಗಳ ಸೇತುವೆಯಾದರೆ ಅದಲ್ಲ.

ಉಕ್ಕಿನ ಸೇತುವೆಗೆ ಬೇರೆ ವಿಧಾನ. ಕಂಬ ಎಣಿಸಿ, ಕಂಬದ ಮೂತಿ ದುಂಡೋ ಚೂಪೋ ಬರೆದಿಟ್ಟುಕೊಳ್ಳಿ, ಹರಿವಿನ ದಿಕ್ಕು ನೋಡಿ. ಹರಿಹರದ ತುಂಗಭದ್ರೆ, ಶ್ರೀರಂಗಪಟ್ಟಣದ ಕಾವೇರಿ ಎರಡೂ ಕಡೆ ಹೊಸ ಸೇತುವೆ ಬಂದಿದ್ದರೂ ನದಿಯೊಳಗಿನ ಬಂಡೆ ಅಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿ.

“ಅಜ್ಜಾರು ಹುಬ್ಬಳ್ಳಿ ವರ್ಕ್‌ಶಾಪ್‌ನ್ಯಾಗ ಇದ್ರು. ಹಂಗಾರ ಫೋಟೋನೂ ಹುಬ್ಬಳ್ಳೀದ ಇರಬೇಕಲ್ರೀ?”

ಇರಬಹುದು ರೀ, ಇರಲೇಬೇಕೆಂದಿಲ್ಲ. ಅಜ್ಜಾರ ನೌಕರಿ ಒಂದೇ ಊರಾಗ ಕಳೆದಿರಲಿಕ್ಕಿಲ್ಲ. ರೈಲ್ವೆಯವರಿಗೆ ಗದಗ, ಲೋಂಡಾ, ಅರಸೀಕೆರೆ ವರ್ಗ ತಪ್ಪಿದ್ದಲ್ಲ. ಮೊದಲು ವರ್ಕ್‌ಶಾಪೋ ಶೆಡ್ಡೋ ನೋಡಿ. ಎತ್ತರದ ಮಾಡು, ಮೇಲೆ ತೊಲೆಯ ಮೇಲೆ ಓಡುವ ಕ್ರೇನ್, ಚಕ್ರ ಬಿಚ್ಚಿಟ್ಟ ಎಂಜಿನ್, ಇವಿದ್ದರೆ ವರ್ಕ್‌ಶಾಪ್. ಕಲ್ಲಿದ್ದಲ ರಾಶಿ, ಬೂದಿ ಕೆಡವುವ ಗುಂಡಿ, ಆನೆ ಸೊಂಡಿಲಿನಂಥ ನೀರಿನ ಕಂಬ, ಇವಿದ್ದರೆ ಶೆಡ್. ಶೆಡ್ಡು ಎಷ್ಟೋ ಊರಲ್ಲಿದ್ದವು, ದೊಡ್ಡ ವರ್ಕ್‌ಶಾಪ್ ಬೆರಳೆಣಿಕೆ.

ಎಂಜಿನ್ ಹೊಚ್ಚಹೊಸದಾಗಿ ಮಿಂಚುತ್ತಿದ್ದು ಮುಂದೆ ನೌಕರರು ಸಾಲಾಗಿ ಕೂತಿದ್ದರೆ, ರಿಪೇರಿ ಮುಗಿಸಿ ಹೊರಬಿಟ್ಟ ದಿನದ ಫೋಟೋ ಇರಬಹುದು. ಅಂಥದ್ದರಲ್ಲಿ ಮುಂದಿನ ಸಾಲಿನವರ ಕಾಲ ಬಳಿ ಸ್ಲೇಟು ಇದೆಯೇ ನೋಡಿ. ತಾರೀಖು ಬರೆದಿರುತ್ತಾರೆ, ಮೊಮ್ಮಕ್ಕಳು ಫ್ರೇಮ್ ಹಾಕಿಸುವಾಗ ಅದನ್ನೇ ಮುಚ್ಚಿರುತ್ತಾರೆ.

“ಹಿಂದೆ ಮುಂದೆ ಎರಡೂ ಕಡೆ ಎಂಜಿನ್ ಇದೆ. ಯಾಕೆ?”

ಏರು. ಹಿಂದಿನಿಂದ ತಳ್ಳುವ ಎಂಜಿನ್ನಿಗೆ ಬ್ಯಾಂಕರ್ ಎನ್ನುತ್ತಾರೆ. ಮೀಟರ್ ಗೇಜ್ ಮತ್ತು ದಟ್ಟ ಕಾಡು ಎಂದರೆ ಕ್ಯಾಸಲ್‌ರಾಕ್–ಕುಳೆಂ ಘಟ್ಟ ಮೊದಲು ನೆನಪಾಗಬೇಕು. ಅಲ್ಲಿ 37 ಅಡಿ ಹೋದರೆ ಒಂದಡಿ ಏರು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟವೂ ಕಡಿದಾದದ್ದೇ, ಆದರೆ ಹಾಸನ–ಮಂಗಳೂರು ಹಾದಿ ತೆರೆದದ್ದು 1979ರಲ್ಲಿ. ಫೋಟೋ ಅದಕ್ಕಿಂತ ಹಳೆಯದಾದರೆ ಆ ಘಟ್ಟವನ್ನು ಪಟ್ಟಿಯಿಂದ ತೆಗೆಯಿರಿ.

## ಕಾಲ

“ಯಾವ ವರ್ಷದ್ದು ಅಂತ ಹೇಳಬಹುದಾ?”

ವರ್ಷ ಹೇಳುವುದು ಅಪರೂಪ. ‘ಇದಕ್ಕಿಂತ ಮುಂಚೆ ಅಲ್ಲ, ಇದರ ನಂತರ ಅಲ್ಲ’ ಎಂದು ಎರಡು ಗೂಟ ನೆಡುವುದೇ ಕೆಲಸ. ಬೋಗಿಯ ಬಾಗಿಲ ಮೇಲೆ ಮೂರನೇ ದರ್ಜೆಯ ಗುರುತಿದ್ದರೆ 1974ಕ್ಕೆ ಹಿಂದಿನದು, ಆಮೇಲೆ ಆ ದರ್ಜೆಯೇ ಇಲ್ಲ. ಬಾವುಟದ ನಡುವೆ ಚರಕವಿದ್ದರೆ ಸ್ವಾತಂತ್ರ್ಯ ಚಳವಳಿಯ ದಿನ, ಅಶೋಕಚಕ್ರವಿದ್ದರೆ 1947ರ ಜುಲೈ ನಂತರ. ಮೈಸೂರು ಪ್ಲಾಟ್‌ಫಾರ್ಮಿನಲ್ಲಿ ಬ್ರಾಡ್ ಗೇಜ್ ಹಳಿ ಇದ್ದರೆ 1990ರ ದಶಕಕ್ಕೆ ಹಿಂದಿನದಲ್ಲ. ಪಕ್ಕದಲ್ಲಿ ಡೀಸೆಲ್ ಎಂಜಿನ್ ಇದ್ದರೆ 1960ರ ನಂತರದ್ದು ಎಂದೇ ಹಿಡಿಯಿರಿ.

ಅಜ್ಜಿಯ ಸೀರೆ, ಮಾವನ ಪ್ಯಾಂಟಿನ ಅಗಲವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮಲ್ಲಿ ಬಟ್ಟೆ ಹರಿಯುವವರೆಗೆ ಫ್ಯಾಷನ್ ಹೋಗುವುದಿಲ್ಲ.

“ಎಂಜಿನ್ನಿಗೆ ಬಾಳೆಕಂದು, ಚೆಂಡುಹೂವು ಕಟ್ಟಿದ್ದಾರೆ. ಮೊದಲ ರೈಲು ಬಂದ ದಿನವೇ?”

ಆಯುಧಪೂಜೆ ಇರಬಹುದು. ಶೆಡ್ಡುಗಳಲ್ಲಿ ಎಂಜಿನ್ ತೊಳೆದು, ಹಿತ್ತಾಳೆ ಉಜ್ಜಿ, ಕುಂಕುಮವಿಟ್ಟು ಬೂದುಗುಂಬಳ ಒಡೆಯುತ್ತಿದ್ದರು. ಹಾಗಿದ್ದರೆ ತಿಂಗಳು ಸಿಕ್ಕಿತು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಉದ್ಘಾಟನೆಯಾದರೆ ಚಪ್ಪರ, ಕುರ್ಚಿ, ಅಧಿಕಾರಿಗಳು, ಪೇಟ ಇರುತ್ತವೆ. ಹಾರ ಎಂಜಿನ್ನಿಗಿಂತ ಒಬ್ಬ ಮನುಷ್ಯನ ಕೊರಳಲ್ಲಿ ಹೆಚ್ಚಿದ್ದರೆ, ಅವರು ನಿವೃತ್ತರಾದ ಡ್ರೈವರ್.

“1864ರಲ್ಲಿ ಬೆಂಗಳೂರಿಗೆ ಬಂದ ಮೊದಲ ರೈಲು ಅಂತ ಒಂದು ಫೋಟೋ ಓಡಾಡುತ್ತಿದೆ. ನಿಜವೇ?”

ನನಗೆ ತೋರಿಸಿದ್ದೆಲ್ಲ ಸುಳ್ಳು. 1864ರ ಆಗಸ್ಟಿನಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ಬಂದದ್ದು ಬ್ರಾಡ್ ಗೇಜ್ ರೈಲು. ತೋರಿಸಿದ ಚಿತ್ರದಲ್ಲಿ ಇದ್ದದ್ದು ನಡುವೆ ಒಂದೇ ಬಫರಿನ ಮೀಟರ್ ಗೇಜ್ ಎಂಜಿನ್, ಅದೂ ವೈಪಿ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಪೂರ್ಣವಾದದ್ದು 1882ರಲ್ಲಿ. ಜೊತೆಗೆ, ಆ ಕಾಲದ ಕ್ಯಾಮೆರಾಕ್ಕೆ ಓಡುವ ರೈಲು ಚೊಕ್ಕವಾಗಿ ಸಿಗುತ್ತಿರಲಿಲ್ಲ. 1860ರ ದಶಕದ ಫೋಟೋದಲ್ಲಿ ಹೊಗೆ ಉಗುಳುತ್ತಾ ಧಾವಿಸುವ ಎಂಜಿನ್ ಸ್ಪಷ್ಟವಾಗಿದ್ದರೆ ಅದಷ್ಟೇ ಸಾಕು ಅನುಮಾನಕ್ಕೆ.

## ಬಲಿತವರಿಗೆ

“ಫೋಟೋ ಎಡಬಲ ತಿರುಗಿಮುರುಗಿ ಪ್ರಿಂಟ್ ಆಗಿದೆ ಅಂತ ಹೇಗೆ ತಿಳಿಯುವುದು?”

ನೆಗೆಟಿವ್ ಮಗುಚಿ ಹಾಕಿದರೆ ಹಾಗಾಗುತ್ತದೆ. ಅಕ್ಷರವಿದ್ದರೆ ಸುಲಭ. ಇಲ್ಲದಿದ್ದರೆ ಜನರನ್ನು ನೋಡಿ. ಎಲ್ಲರ ಗಡಿಯಾರ ಬಲಗೈಯಲ್ಲಿ, ಗಂಡಸರ ಅಂಗಿಯ ಗುಂಡಿ ತಿರುಗಾಮುರುಗಾ, ಹೆಂಗಸರ ಸೆರಗು ಬಲ ಭುಜದ ಮೇಲೆ ಎಂದರೆ ಮಗುಚಿದೆ. ಸೆರಗೊಂದನ್ನೇ ನಂಬಬೇಡಿ, ಕೊಡವ ಸೀರೆಯ ಸೆರಗು ಬಲಕ್ಕೇ ಬರುತ್ತದೆ, ಗುಜರಾತಿಯೂ ಹಾಗೆಯೇ. ಜೋಡಿಹಳಿಯ ಹಾದಿಯಾದರೆ ನಮ್ಮ ರೈಲು ಎಡಹಳಿ ಹಿಡಿಯುತ್ತದೆ, ಅದೂ ಸಾಕ್ಷಿ. ಮಗುಚಿದ ಫೋಟೋದ ಗುಡ್ಡವನ್ನು ಜಾಗದಲ್ಲಿ ನಿಂತು ಎಷ್ಟು ಹೋಲಿಸಿದರೂ ಕೂಡುವುದಿಲ್ಲ, ಇಡೀ ದಿನ ಬಿಸಿಲಲ್ಲಿ ಹೋಗುತ್ತದೆ.

“ನೆರಳು ನೋಡಿ ದಿಕ್ಕು ಹೇಳಬಹುದು ಅಂತಾರೆ. ನಂಬಬಹುದಾ?”

ನಂಬಬಹುದು, ನಮ್ಮ ಅಕ್ಷಾಂಶ ಮರೆಯಬಾರದು. ಇಂಗ್ಲೆಂಡಿನವರ ಸೂತ್ರದಲ್ಲಿ ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಹೊತ್ತು ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ಮರೆತು ಪ್ಲಾಟ್‌ಫಾರ್ಮನ್ನು ಹಳಿಯ ತಪ್ಪು ಬದಿಗೆ ಹಾಕಿದವರಿದ್ದಾರೆ. ಗುಡ್ಡದ ನೆರಳಿಗಿಂತ ಸಿಗ್ನಲ್ ಕಂಬದ ನೆರಳು ಒಳ್ಳೆಯದು, ನೆಟ್ಟಗಿರುತ್ತದೆ.

“ಆ ಕಾಲದ ನಕಾಶೆ ಎಲ್ಲಿ ಸಿಗುತ್ತದೆ?”

ಸರ್ವೇ ಆಫ್ ಇಂಡಿಯಾದ ಹಳೆಯ ಇಂಚು–ಮೈಲಿ ನಕಾಶೆಗಳು ಒಳ್ಳೆಯವು. ಸುಲಭಕ್ಕೆ, ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿದ 1:2,50,000 ಅಳತೆಯ ಭಾರತದ ಸರಣಿ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ. ಎಷ್ಟು ಹಳಿ, ಯಾವ ಗೇಜ್ ಎಂಬುದೂ ಅದರಲ್ಲಿದೆ. ಅದನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟರೆ, ಕಿತ್ತುಹಾಕಿದ ಹಳಿಯ ಜಾಗ ಇವತ್ತು ಹೊಲದ ನಡುವೆ ಉದ್ದನೆಯ ಗೆರೆಯಾಗಿ, ಜಾಲಿ ಸಾಲಾಗಿ ಕಾಣುತ್ತದೆ. ನ್ಯೂಮನ್ನರ ಇಂಡಿಯನ್ ಬ್ರಾಡ್‌ಷಾ ಎಂಬ ವೇಳಾಪಟ್ಟಿಯ ಹಳೆಯ ಸಂಚಿಕೆ ಸಿಕ್ಕರೆ ಬಿಡಬೇಡಿ. ‘ಬೆಳಿಗ್ಗೆಯ ಬಿಸಿಲಿನಲ್ಲಿ ಈ ಸ್ಟೇಷನ್ನಿಗೆ ಮೈಸೂರು ಕಡೆಯಿಂದ ರೈಲು ಬರುತ್ತಿತ್ತೇ’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ.

ಎಂಜಿನ್, ಬೋಗಿಗಳನ್ನು ಮುಟ್ಟಿ ನೋಡಿ ಕಲಿಯಲು 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ ಇದೆ. 1899ರ ಮಹಾರಾಣಿಯ ಸಲೂನ್ ನೋಡಿ ಎಲ್ಲರೂ ಹೊರಟುಬಿಡುತ್ತಾರೆ. ನೀವು ಬಗ್ಗಿ ಬಫರ್ ನೋಡಿ.

“ಕಂಪ್ಯೂಟರಿನಲ್ಲಿ ಎಐ ಹಾಕಿ ಫೋಟೋ ಸ್ಪಷ್ಟ ಮಾಡಿಸಿದೆ. ಈಗ ನಂಬರ್ ಓದಲು ಬರುತ್ತದೆ!”

ಬರುತ್ತದೆ, ಅದು ಎಂಜಿನ್ನಿನ ನಂಬರ್ ಅಲ್ಲ. ಮಸುಕಿನಲ್ಲಿ ಇಲ್ಲದ್ದನ್ನು ಅದು ಊಹಿಸಿ ಬರೆಯುತ್ತದೆ. ಒಂದೇ ಫೋಟೋವನ್ನು ಎರಡು ಸಲ ಹಾಕಿಸಿ ನೋಡಿ, ಎರಡು ನಂಬರ್ ಬಂದರೆ ಅಚ್ಚರಿಯಿಲ್ಲ. ಬಣ್ಣ ಹಚ್ಚಿಸಿದ್ದರೂ ಅಷ್ಟೇ, ಎಂಜಿನ್ ಹಸಿರೋ ಕಪ್ಪೋ ಎಂಬುದಕ್ಕೆ ಅದು ಪುರಾವೆಯಲ್ಲ. ಪೂರಾ ಯಂತ್ರವೇ ಹುಟ್ಟಿಸಿದ ‘ಹಳೆಯ ಫೋಟೋ’ಗಳೂ ಈಗ ಬರುತ್ತಿವೆ. ಸಲಾಕೆಯನ್ನು ಹಿಂಬಾಲಿಸಿ. ಅದು ಚಕ್ರಕ್ಕೆ ಸೇರದೆ ಗಾಳಿಯಲ್ಲಿ ಮುಗಿದಿರುತ್ತದೆ, ಇಲ್ಲವೇ ಹಳಿ ಮೂರಾಗಿ ಕವಲೊಡೆದು ಮಾಯವಾಗಿರುತ್ತದೆ. ಮೂಲ ಸ್ಕ್ಯಾನ್ ಇಟ್ಟುಕೊಳ್ಳಿ, ದೊಡ್ಡದು ಮಾಡಿ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಅಷ್ಟೇ.

“ಎಲ್ಲ ನೋಡಿದರೂ ಪೂರ್ತಿ ಗೊತ್ತಾಗಲಿಲ್ಲ. ಫೋಟೋದ ಹಿಂದೆ ಏನಂತ ಬರೆಯಲಿ?”

ಗೊತ್ತಾದಷ್ಟನ್ನು, ಹೇಗೆ ಗೊತ್ತಾಯಿತೆಂಬುದನ್ನು. ಬಾಲ್‌ಪೆನ್ ಬೇಡ, ಒತ್ತಿದರೆ ಮುಂದಕ್ಕೆ ಉಬ್ಬುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ನಾನು ಮೂರು ಪದ ಬಳಸುತ್ತೇನೆ: ಖಚಿತ, ಬಹುಶಃ, ಮನೆಯವರ ಮಾತು. ಮೊನ್ನೆ ಒಂದಕ್ಕೆ ಹೀಗೆ ಬರೆದೆ:

“ವೈಪಿ, 4-6-2, ಮೀಟರ್ ಗೇಜ್ (ಖಚಿತ, ಚಕ್ರ ಮತ್ತು ಬಫರ್ ನೋಡಿ). 1951–1974 (ಖಚಿತ, ಎಂಜಿನ್ನಿನ ಮೇಲೆ ದಕ್ಷಿಣ ರೈಲ್ವೆ ಅಕ್ಷರ, ಬೋಗಿಗೆ ಮೂರನೇ ದರ್ಜೆ). ತಿಪಟೂರು–ಅರಸೀಕೆರೆ ನಡುವೆ (ಬಹುಶಃ, ಎರಡೂ ಬದಿ ತೆಂಗಿನ ತೋಟ). ಎಡದಿಂದ ಎರಡನೆಯವರು ದೊಡ್ಡಪ್ಪ (ಮನೆಯವರ ಮಾತು, ಚಿಕ್ಕಮ್ಮ ಒಪ್ಪುವುದಿಲ್ಲ).”